ಕೌಬರ್ಡ್ ಕಾಟಕ್ಕೆ ನಾನು ಬದಲಿಸಿದ್ದು ಕಾಳು

ಅಮೆರಿಕದ ಓಹಾಯೋದಲ್ಲಿ ಏಪ್ರಿಲ್ ಬಂತೆಂದರೆ ನಮ್ಮ ಹಿತ್ತಲಿಗೆ ಕೌಬರ್ಡ್‌ಗಳು ಹಾಜರು. ಗಂಡಿಗೆ ಮಿರಮಿರ ಮಿಂಚುವ ಕಪ್ಪು ಮೈ, ಕಾಫಿಪುಡಿ ಬಣ್ಣದ ತಲೆ. ಹೆಣ್ಣು ಬರೀ ಬೂದುಗಂದು. ಆದರೆ ಕಣ್ಣಿಡಬೇಕಾದದ್ದು ಹೆಣ್ಣಿನ ಮೇಲೆ. ಗೂಡು ಕಟ್ಟುವ ಗೋಜಿಗೇ ಹೋಗದ ಹಕ್ಕಿ ಇದು. ಮೊಟ್ಟೆ ಇಡುವುದೆಲ್ಲ ಬೇರೆಯವರ ಗೂಡಿನಲ್ಲಿ. ಫೋನಿನಲ್ಲಿ ಹೇಳಿದಾಗ ಅಮ್ಮ, "ನಮ್ಮ ಕೋಗಿಲೆ ತರಾನೇ ಅಲ್ವೇನೇ?" ಅಂದಳು. ಹೆಚ್ಚುಕಮ್ಮಿ ಹಾಗೇ. ಆದರೆ ನಮ್ಮೂರ ಕೋಗಿಲೆ ಹೆಚ್ಚಾಗಿ ಕಾಗೆಯನ್ನೇ ನೆಚ್ಚಿಕೊಂಡಿದೆ. ಕೌಬರ್ಡ್‌ಗೆ ಅಂಥ ಕಟ್ಟುಪಾಡಿಲ್ಲ. 220ಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ಗೂಡಿನಲ್ಲಿ ಅದರ ಮೊಟ್ಟೆ ಸಿಕ್ಕಿದೆ. ಒಂದು ಹೆಣ್ಣು ಒಂದೇ ಋತುವಿನಲ್ಲಿ ಮೂವತ್ತು, ನಲವತ್ತರವರೆಗೂ ಮೊಟ್ಟೆ ಇಡಬಲ್ಲದು.

ನಮ್ಮ ಅಡುಗೆಮನೆ ಕಿಟಕಿಯ ಹೊರಗೆ ಬಾಕ್ಸ್‌ವುಡ್ ಗಿಡಗಳ ಬೇಲಿ ಇದೆ. ಅದರೊಳಗೆ ಚಿಪ್ಪಿಂಗ್ ಸ್ಪ್ಯಾರೋ ಎಂಬ ಪುಟ್ಟ ಹಕ್ಕಿಯೊಂದು ಗೂಡು ಕಟ್ಟಿತು. ಒಣಹುಲ್ಲಿನ ಪುಟ್ಟ ಬಟ್ಟಲು, ಒಳಗೆ ಯಾವುದೋ ಪ್ರಾಣಿಯ ಕೂದಲಿನ ಹಾಸು. ಅದು ಹುಲ್ಲು ಹೊತ್ತು ಓಡಾಡುವಷ್ಟು ದಿನವೂ ಎದುರಿನ ಮೇಪಲ್ ಮರದ ತುದಿಯಲ್ಲಿ ಹೆಣ್ಣು ಕೌಬರ್ಡ್ ಸುಮ್ನೆ ಕೂತು ನೋಡುತ್ತಿತ್ತು. ಅದರ ಕೆಲಸವೇ ಅದು. ಗೂಡು ಎಲ್ಲಿ, ಮೊಟ್ಟೆ ಯಾವಾಗ ಅಂತ ಲೆಕ್ಕ ಹಾಕಿಕೊಂಡು, ಸೂರ್ಯ ಹುಟ್ಟುವ ಮೊದಲೇ ಬಂದು ಒಂದು ನಿಮಿಷದೊಳಗೆ ಮೊಟ್ಟೆಯಿಟ್ಟು ಹೋಗುತ್ತದೆ. ಎಷ್ಟೋ ಸಲ ಗೂಡಿನ ಒಡತಿಯ ಮೊಟ್ಟೆ ಒಂದನ್ನು ಎತ್ತಿ ಹಾಕುವುದೂ ಉಂಟು.

ಗೂಡು ನೋಡಲು ನಾನು ಕೋಲಿಗೆ ಚಿಕ್ಕ ಕನ್ನಡಿ ಕಟ್ಟಿಕೊಂಡಿದ್ದೇನೆ. ಬೆಳಗ್ಗೆ ಹೋಗುವುದಿಲ್ಲ, ಅದು ಮೊಟ್ಟೆ ಇಡುವ ಹೊತ್ತು. ಮಧ್ಯಾಹ್ನದ ಮೇಲೆ, ತಾಯಿ ತಾನಾಗಿ ಎದ್ದುಹೋದಾಗ, ಮೂರ್ನಾಲ್ಕು ದಿನಕ್ಕೊಮ್ಮೆ ನೋಡಿದರೆ ಸಾಕು. ಮರಿಗಳಿಗೆ ರೆಕ್ಕೆ ಬಲಿತ ಮೇಲಂತೂ ಹತ್ತಿರ ಹೋಗಲೇಬಾರದು, ಹೆದರಿ ಹೊರಗೆ ಹಾರಿಬಿಡುತ್ತವೆ. ಕನ್ನಡಿಯಲ್ಲಿ ಕಂಡದ್ದು ಇಷ್ಟು: ತಿಳಿನೀಲಿ ಬಣ್ಣದ, ದಪ್ಪ ತುದಿಯಲ್ಲಿ ಕಪ್ಪು ಚುಕ್ಕಿಯಿದ್ದ ಪುಟ್ಟ ಮೊಟ್ಟೆಗಳು. ನಡುವೆ ಒಂದು ಬಿಳಿಚಾದದ್ದು, ಮೈತುಂಬ ಕಂದು ಚುಕ್ಕಿ, ಗಾತ್ರವೂ ದೊಡ್ಡದು. ತಾಯಿ ಎಲ್ಲವನ್ನೂ ಒಟ್ಟಿಗೆ ಕಾವಿಗೆ ಹಾಕಿಕೊಂಡಿತ್ತು.

ಕೌಬರ್ಡ್ ಮೊಟ್ಟೆ 10-12 ದಿನಕ್ಕೆಲ್ಲ ಒಡೆಯುತ್ತದೆ. ಮರಿ ಯಾರನ್ನೂ ಗೂಡಿನಿಂದ ತಳ್ಳುವುದಿಲ್ಲ. ತಳ್ಳುವ ಅಗತ್ಯವೂ ಇಲ್ಲ ಬಿಡಿ. ಬಾಯಿ ದೊಡ್ಡದು, ಕೂಗು ಜೋರು, ಬರುವ ಹುಳುವೆಲ್ಲ ಅದಕ್ಕೇ. ತಾಯಿ ಸ್ಪ್ಯಾರೋ ತೂಗುವುದೇ ಸುಮಾರು 12 ಗ್ರಾಂ. ತನಗಿಂತ ದೊಡ್ಡದಾದ ಮರಿಯ ಬಾಯಿಗೆ ಹುಳು ಇಡಲು ಅದು ಕತ್ತು ನಿಗುರಿಸಬೇಕಾಗಿತ್ತು. ಆ ಗೂಡಿನಿಂದ ಕೊನೆಗೆ ಹಾರಿದ್ದು ಕೌಬರ್ಡ್ ಮರಿಯೊಂದೇ.

"ಆ ಮೊಟ್ಟೆ ಎತ್ತಿ ಬಿಸಾಕಬಾರದಿತ್ತಾ?" ಎಂದು ಇದನ್ನು ಕೇಳಿದವರೆಲ್ಲ ಕೇಳುತ್ತಾರೆ. ಮೊದಲನೆಯದಾಗಿ, ಅದು ಕಾನೂನಿಗೆ ವಿರುದ್ಧ. ಕೌಬರ್ಡ್ ಇಲ್ಲಿನದೇ ಹಕ್ಕಿ. ವಲಸೆ ಹಕ್ಕಿಗಳ 1918ರ ಕಾಯ್ದೆ ಅದನ್ನೂ ಕಾಪಾಡುತ್ತದೆ, ಪರವಾನಗಿ ಇಲ್ಲದೆ ಮೊಟ್ಟೆ ಮುಟ್ಟುವ ಹಾಗಿಲ್ಲ. ಎರಡನೆಯದು ಇನ್ನೂ ಮಜವಾಗಿದೆ. ಇಲಿನಾಯ್‌ನಲ್ಲಿ ಪ್ರೊಥೊನೊಟರಿ ವಾರ್ಬ್ಲರ್ ಎಂಬ ಹಕ್ಕಿಯ ಗೂಡುಗಳಿಂದ ಸಂಶೋಧಕರು ಕೌಬರ್ಡ್ ಮೊಟ್ಟೆ ತೆಗೆದು ನೋಡಿದರು. ಹಾಗೆ ತೆಗೆದ ಗೂಡುಗಳಲ್ಲಿ ಶೇಕಡಾ 56ರಷ್ಟು ಆಮೇಲೆ ಧ್ವಂಸವಾದವು. ಮೊಟ್ಟೆ ಹಾಗೇ ಬಿಟ್ಟಲ್ಲಿ ಹಾಳಾದದ್ದು ಶೇಕಡಾ 6 ಮಾತ್ರ. 2007ರಲ್ಲಿ ಇದು ಪ್ರಕಟವಾಯಿತು. ನನ್ನ ಮೊಟ್ಟೆ ಇಲ್ಲವಾ, ಹಾಗಾದರೆ ನಿನ್ನದೂ ಬೇಡ ಎನ್ನುವ ಕೌಬರ್ಡ್ ರೌಡಿತನ!

ಎಲ್ಲ ಹಕ್ಕಿಗಳೂ ಮೋಸ ಹೋಗುವುದಿಲ್ಲ. ರಾಬಿನ್, ಕ್ಯಾಟ್‌ಬರ್ಡ್ ಮೊಟ್ಟೆಯನ್ನು ಗುರುತಿಸಿ ಹೊರಗೆಸೆಯುತ್ತವೆ. ಯೆಲ್ಲೋ ವಾರ್ಬ್ಲರ್ ಎತ್ತಲಾಗದೆ, ಅದರ ಮೇಲೇ ಹೊಸ ತಳ ಹಾಕಿ ಮತ್ತೆ ಮೊಟ್ಟೆ ಇಡುತ್ತದೆ. ನಮ್ಮ ಬಾಗಿಲಿಗೆ ತೂಗುಹಾಕಿದ ಹೂವಿನ ಬಳೆಯಲ್ಲಿ ಗೂಡು ಕಟ್ಟುವ ಹೌಸ್ ಫಿಂಚ್ ಏನೂ ಮಾಡುವುದಿಲ್ಲ. ಆದರೆ ಅದು ಮರಿಗಳಿಗೆ ಕೊಡುವುದು ಬರೀ ಬೀಜ. ಹುಳುವಿಲ್ಲದ ಆ ಊಟದಲ್ಲಿ ಕೌಬರ್ಡ್ ಮರಿ ಬದುಕುವುದಿಲ್ಲ.

ಹಾಗಾಗಿ ನಾನು ಗೂಡಿನ ತಂಟೆಗೆ ಹೋಗುವುದಿಲ್ಲ. ಮಾಡುವುದೆಲ್ಲ ಹಿತ್ತಲಲ್ಲಿ ಹಕ್ಕಿಗಳಿಗೆ ಹಾಕುವ ಕಾಳಿನ ಕಡೆ. ಹಿತ್ತಲಿಗೆ ಕೌಬರ್ಡ್ ಬರುವುದು ಮೊದಲು ಹೊಟ್ಟೆಗೆ, ಆಮೇಲೆ ಗೂಡಿನ ಬೇಹಿಗೆ. ಅಂಗಡಿಯ ಅಗ್ಗದ ಕಾಳಿನ ಚೀಲ ಬಿಚ್ಚಿ ನೋಡಿ: ಬರಗು, ಮುಸುಕಿನ ಜೋಳದ ನುಚ್ಚು, ಸೂರ್ಯಕಾಂತಿ. ಮೂರೂ ಅದಕ್ಕೆ ಪ್ರಾಣ. ಏಪ್ರಿಲ್‌ನಿಂದ ಜುಲೈವರೆಗೆ ಈ ಮೂರನ್ನೂ ನಿಲ್ಲಿಸುತ್ತೇನೆ. ಕಾಳು ಹಾಕುವ ಅಗಲದ ತಟ್ಟೆಯೂ ಮನೆಯೊಳಗೆ. ಬದಲಿಗೆ ಕುಸುಬೆ ಹಾಕುತ್ತೇನೆ. ಕಾರ್ಡಿನಲ್ ಅದನ್ನು ಇಷ್ಟಪಟ್ಟು ಒಡೆಯುತ್ತದೆ, ಕೌಬರ್ಡ್‌ಗೆ ಅಷ್ಟಕ್ಕಷ್ಟೇ. ಗೋಲ್ಡ್‌ಫಿಂಚ್‌ಗಳಿಗೆ ಸಣ್ಣ ತೂತಿನ ಕೊಳವೆಯಲ್ಲಿ ಹುಚ್ಚೆಳ್ಳು. ಹೌದು, ನಾವು ಚಟ್ನಿಪುಡಿ ಮಾಡುವ ಅದೇ ಹುಚ್ಚೆಳ್ಳು. ಅಮೆರಿಕಕ್ಕೆ ಬರುವಾಗ ಮೊಳೆಯದ ಹಾಗೆ ಬಿಸಿ ಮಾಡಿರುತ್ತಾರೆ. ಚೀಲದ ಬೆಲೆ ನೋಡಿದರೆ ಚಟ್ನಿಪುಡಿಯೇ ಮಾಡೋಣ ಅನಿಸುತ್ತದೆ, ಆ ಮಾತು ಬೇರೆ.

ಕೊಳವೆ ಆರಿಸುವಾಗ ಕೂರುವ ಕಡ್ಡಿ ಗಿಡ್ಡ ಇರಬೇಕು, ಬುಡದಲ್ಲಿ ತಟ್ಟೆ ಇರಬಾರದು. ದೊಡ್ಡ ಹಕ್ಕಿಗೆ ಕೂತು ತಿನ್ನಲು ಕಷ್ಟವಾದರೆ ಸಾಕು. ನೆಲಕ್ಕೆ ಬಿದ್ದ ಕಾಳನ್ನು ದಿನಾ ಸಂಜೆ ಗುಡಿಸಲೇಬೇಕು, ಕೌಬರ್ಡ್ ನೆಲದಲ್ಲಿ ನಡೆದಾಡಿ ತಿನ್ನುವ ಹಕ್ಕಿ. ಬ್ಲೂಬರ್ಡ್‌ಗೆ ಇಟ್ಟ ಪೆಟ್ಟಿಗೆಯ ತೂತು ಒಂದೂವರೆ ಇಂಚು. ಅದರೊಳಗೆ ನುಸುಳುವುದು ಕೌಬರ್ಡ್‌ಗೆ ಸಾಮಾನ್ಯವಾಗಿ ಆಗುವುದಿಲ್ಲ. ಇಷ್ಟು ಮಾಡಿದ ಮೇಲೆ ಹಿತ್ತಲಿಗೆ ಅದರ ಭೇಟಿ ಎದ್ದು ಕಾಣುವಷ್ಟು ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ.

ಅದರ ಮೇಲೆ ನನಗೆ ಸಿಟ್ಟಂತೂ ಇಲ್ಲ. ಹಿಂದೆ ಅಮೆರಿಕದ ನಡುಭಾಗದ ಹುಲ್ಲುಬಯಲಿನಲ್ಲಿ ಕಾಡೆಮ್ಮೆ (ಬೈಸನ್) ಹಿಂಡುಗಳ ಹಿಂದೆ, ಗೊರಸಿಗೆ ಏಳುವ ಹುಳು ಹೆಕ್ಕುತ್ತಾ ಅಲೆಯುತ್ತಿದ್ದ ಹಕ್ಕಿ ಅದು. ಕಾಡು ಕಡಿದು ಹೊಲ, ಹುಲ್ಲುಹಾಸು ಮಾಡಿ ಪೂರ್ವಕ್ಕೆ ದಾರಿ ಬಿಟ್ಟುಕೊಟ್ಟವರು ಮನುಷ್ಯರು. ಮಿಷಿಗನ್‌ನಲ್ಲಿ ಕರ್ಟ್‌ಲ್ಯಾಂಡ್ಸ್ ವಾರ್ಬ್ಲರ್ ಅಳಿವಿನಂಚಿಗೆ ಬಂದಾಗ 1972ರಿಂದ ಕೌಬರ್ಡ್‌ಗಳನ್ನು ಬಲೆಗೆ ಹಾಕಿ ಹಿಡಿಯಬೇಕಾಯಿತು. ಜೊತೆಗೆ ಆ ವಾರ್ಬ್ಲರ್‌ಗೆ ಬೇಕಾದ ಎಳೆ ಜ್ಯಾಕ್ ಪೈನ್ ಕಾಡನ್ನೂ ಬೆಳೆಸಿದರು. 2019ರಲ್ಲಿ ಆ ಹಕ್ಕಿ ಅಳಿವಿನ ಪಟ್ಟಿಯಿಂದ ಹೊರಬಂತು. ಅಂಥ ಕೆಲಸ ಪರವಾನಗಿ ಇದ್ದವರದು. ನಮ್ಮ ಕೈಲಿರುವುದು ಕಾಳು, ಪೊರಕೆ.

ಆಗಸ್ಟ್ ಹೊತ್ತಿಗೆ ಮೊಟ್ಟೆಯ ಕಾಲ ಮುಗಿದಿರುತ್ತದೆ. ತಟ್ಟೆ ತೊಳೆದು ಮತ್ತೆ ಹೊರಗಿಡುತ್ತೇನೆ, ಸೂರ್ಯಕಾಂತಿಯೂ ವಾಪಸ್. ಆಗ ಕೌಬರ್ಡ್ ಬಂದು ತಿಂದರೂ ನನ್ನ ತಕರಾರಿಲ್ಲ.