ಮೈದಾನದಲ್ಲಿ ಆಟಗಾರ ಕುಸಿದಾಗ ಸಿಪಿಆರ್: ಮೊದಲ ಹತ್ತು ನಿಮಿಷದ ಕೆಲಸ

ಯಾರೂ ಡಿಕ್ಕಿ ಹೊಡೆಯದೆ, ಚೆಂಡೂ ತಾಗದೆ ಆಟಗಾರ ತಾನಾಗಿ ಕುಸಿದುಬಿದ್ದು ಮಾತಿಗೆ ಓಗೊಡದಿದ್ದರೆ, ಬೇರೆ ಕಾರಣ ಗೊತ್ತಾಗುವ ತನಕ ಅದು ಹೃದಯ ಸ್ತಂಭನ ಎಂದೇ ಹಿಡಿದು ಸಿಪಿಆರ್, ಅಂದರೆ ನಿಂತ ಹೃದಯದ ಬದಲು ಎದೆ ಒತ್ತಿ ರಕ್ತ ಹರಿಸುವ ಕೆಲಸ, ಶುರುಮಾಡಬೇಕು. ಮುಂಬೈಯ ಕನ್ನಡ ಸಂಘಗಳ ಕ್ರೀಡಾಕೂಟಗಳಲ್ಲಿ ಇದನ್ನು ಇನ್ನಷ್ಟು ನೆನಪಿಡಬೇಕು. ವರ್ಷವಿಡೀ ಲೋಕಲ್ ಟ್ರೇನು, ಆಫೀಸು, ಹೋಟೆಲಿನ ಗಲ್ಲಾ ಎಂದು ಕಳೆದವರು ಒಂದು ಭಾನುವಾರ ಏಕಾಏಕಿ ಹಗ್ಗಜಗ್ಗಾಟಕ್ಕೆ ಇಳಿಯುತ್ತಾರೆ. 35 ದಾಟಿದವರಲ್ಲಿ ಆಟದ ನಡುವೆ ಹೃದಯ ನಿಲ್ಲಲು ಮುಖ್ಯ ಕಾರಣ ಹೃದಯದ ರಕ್ತನಾಳದಲ್ಲಿ ಕಟ್ಟಿದ ಕೊಬ್ಬು. ಚಿಕ್ಕವರಲ್ಲಿ ಹೆಚ್ಚಾಗಿ ಹುಟ್ಟಿನಿಂದ ಬಂದ, ಯಾರಿಗೂ ಗೊತ್ತಾಗದೆ ಉಳಿದ ಹೃದಯದ ದೋಷ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಕುಸಿದದ್ದು ಹೀಗೆಯೇ, ಯಾರೂ ಮುಟ್ಟದೆ. ಅಲ್ಲೇ ಎದೆ ಒತ್ತಿ, ಎಇಡಿಯಿಂದ (ಹೃದಯದ ಲಯ ನೋಡಿ ವಿದ್ಯುತ್ ಶಾಕ್ ಕೊಡುವ ಚಿಕ್ಕ ಯಂತ್ರ) ಶಾಕ್ ಕೊಟ್ಟರು. ಮರುವರ್ಷ ಅವರು ಮತ್ತೆ ಆಡಿದರು. ಡಿಕ್ಕಿಯಾಗಿ ಬಿದ್ದವರ ಹೃದಯವೂ ನಿಂತಿರಬಹುದು ಎಂಬುದನ್ನೂ ಮರೆಯಬಾರದು. ಗೋವಾದ ಡೆಂಪೊ ಫುಟ್‌ಬಾಲ್ ತಂಡದ ಕ್ರಿಸ್ಟಿಯಾನೊ ಜೂನಿಯರ್ 2004ರ ಡಿಸೆಂಬರ್ 5ರಂದು ಬೆಂಗಳೂರಿನಲ್ಲಿ ಫೆಡರೇಷನ್ ಕಪ್ ಫೈನಲ್ ಆಡುತ್ತಾ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು, ಉಳಿಯಲಿಲ್ಲ. ಕ್ರಿಕೆಟ್ಟಿನ ಗಟ್ಟಿ ಸೀಸನ್ ಬಾಲ್ ನೇರ ಎದೆಗೆ ಬಡಿದಾಗಲೂ, ಪೆಟ್ಟು ಹೃದಯದ ಬಡಿತದ ಒಂದು ಸೂಕ್ಷ್ಮ ಕ್ಷಣಕ್ಕೆ ಸರಿಯಾಗಿ ಬಿದ್ದರೆ, ಆರೋಗ್ಯವಂತ ಹುಡುಗನ ಹೃದಯವೂ ಲಯ ತಪ್ಪುತ್ತದೆ. ಚೆಸ್ಟ್ ಗಾರ್ಡ್ ಇದ್ದರೂ ಪೂರ್ತಿ ರಕ್ಷಣೆಯಿಲ್ಲ.

ಗುರುತಿಸುವುದರಲ್ಲೇ ತಡ

ಸಮಯ ಹೆಚ್ಚು ಹಾಳಾಗುವುದು ಇಲ್ಲಿಯೇ. ಹೃದಯ ನಿಂತ ಮೊದಲ ಕೆಲವು ಸೆಕೆಂಡು ಕೈಕಾಲು ಅದುರಬಹುದು. ನೋಡಿದವರು ಫಿಟ್ಸ್ ಎಂದುಕೊಂಡು ಕೈಗೆ ಕಬ್ಬಿಣದ ಕೀಲಿಕೈ ಕೊಡುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಮುಖಕ್ಕೆ ನೀರು ಚಿಮುಕಿಸಿ ಪಾದ ಉಜ್ಜುತ್ತಾರೆ. ಇನ್ನೊಂದು ಮೋಸ ಮೇಲುಸಿರು: ಮೀನಿನ ಹಾಗೆ ಬಾಯಿ ತೆರೆದು, ಗೊರಕೆಯಂಥ ಸದ್ದಿನೊಡನೆ, ಬಿಟ್ಟು ಬಿಟ್ಟು ಬರುವ ಉಸಿರು. ಅದನ್ನು ಉಸಿರಾಟದ ಲೆಕ್ಕಕ್ಕೆ ಹಿಡಿಯಬೇಡಿ. ಫುಟ್‌ಬಾಲಿನವರಿಗೆ ‘ನಾಲಿಗೆ ನುಂಗಿದ್ದಾನೆ’ ಎಂಬ ಭ್ರಮೆ ಬೇರೆ. ನಾಲಿಗೆಯನ್ನು ಯಾರೂ ನುಂಗುವುದಿಲ್ಲ. ಬೆರಳು ತೂರಿಸಿದರೆ ಕಚ್ಚಿಸಿಕೊಳ್ಳುತ್ತೀರಿ, ಅರ್ಧ ನಿಮಿಷ ಕಳೆಯುತ್ತೀರಿ, ಅಷ್ಟೇ.

ಭುಜ ತಟ್ಟಿ, ಹೆಸರು ಹಿಡಿದು ಜೋರಾಗಿ ಕೂಗಿ. ಎದೆ ಏರಿಳಿಯುತ್ತಿದೆಯೇ ಎಂದು ನೋಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಪ್ರತಿಕ್ರಿಯೆ ಇಲ್ಲ, ಸಹಜ ಉಸಿರಿಲ್ಲ ಎಂದಾದರೆ ಶುರುಮಾಡಿ. ತರಬೇತಿ ಇಲ್ಲದವರು ನಾಡಿ ಹುಡುಕಬಾರದು. ಗಾಬರಿಯಲ್ಲಿ ತಮ್ಮದೇ ಬೆರಳಿನ ನಾಡಿ ಸಿಕ್ಕಿ ಮೋಸ ಹೋಗುವವರು ಬಹಳ. ಬಿಸಿಲಿಗೆ ತಲೆಸುತ್ತಿ ಬಿದ್ದವನು, ಸಕ್ಕರೆ ಕಡಿಮೆಯಾದವನು ಉಸಿರಾಡುತ್ತಿರುತ್ತಾನೆ. ವ್ಯತ್ಯಾಸ ಅಲ್ಲಿದೆ.

ಅನುಮಾನವಿದ್ದರೂ ಒತ್ತಿ. ಬಡಿಯುತ್ತಿರುವ ಹೃದಯದ ಮೇಲೆ ಒತ್ತಿದ್ದರಿಂದ ದೊಡ್ಡ ಹಾನಿಯಾಗುವುದು ಅಪರೂಪ. ಒತ್ತದೆ, ಶಾಕೂ ಇಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಫೋನು ಮತ್ತು ಗೇಟು

‘ಯಾರಾದರೂ ಫೋನ್ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ, ಇಲ್ಲವೇ ಹನ್ನೊಂದು ಜನವೂ ಮಾಡುತ್ತಾರೆ. ಒಬ್ಬರತ್ತ ಬೆರಳು ತೋರಿಸಿ 108ಕ್ಕೆ ಮಾಡಲು ಹೇಳಿ. ಲೈನ್ ಸಿಗದಿದ್ದರೆ 112. ಫೋನ್ ಸ್ಪೀಕರಿನಲ್ಲಿರಲಿ. ಮರಾಠಿಯಲ್ಲಿ ಇಷ್ಟು ಸಾಕು: ‘ಮಾಣೂಸ್ ಬೇಶುದ್ಧ್ ಆಹೇ, ಶ್ವಾಸ್ ಘೇತ್ ನಾಹೀ.’ ಆಮೇಲೆ ಜಾಗ. ಆಜಾದ್ ಮೈದಾನದಂಥ ಕಡೆ ಪಿಚ್‌ಗೆ ಪಿಚ್ ಅಂಟಿಕೊಂಡು ಏಕಕಾಲಕ್ಕೆ ಹತ್ತಾರು ಮ್ಯಾಚ್ ನಡೆಯುತ್ತಿರುತ್ತವೆ. ಮೈದಾನದ ಹೆಸರೊಂದೇ ಹೇಳಿದರೆ ಆಂಬುಲೆನ್ಸ್ ಸುತ್ತುತ್ತಲೇ ಇರುತ್ತದೆ. ಯಾವ ರಸ್ತೆಯ ಕಡೆಯ ಗೇಟು, ಹತ್ತಿರ ಯಾವ ಸ್ಟೇಷನ್ ಎಂದು ಹೇಳಿ, ಬಣ್ಣದ ಜೆರ್ಸಿ ತೊಟ್ಟ ಒಬ್ಬನನ್ನು ಗೇಟಿಗೆ ಓಡಿಸಿ. ಇನ್ನೊಬ್ಬ ಎಇಡಿ ತರಲಿ. ಟರ್ಫ್ ಬುಕ್ ಮಾಡುವಾಗಲೇ ಅದು ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಎಂದು ಕೇಳಿಟ್ಟಿರಬೇಕು. ಟಾಸ್‌ಗೆ ಮೊದಲು ಎರಡೂ ನಾಯಕರು ಈ ಮೂರು ಕೆಲಸಕ್ಕೆ ಮೂವರ ಹೆಸರು ಹೇಳಿಬಿಟ್ಟರೆ ಮುಗಿಯಿತು. ಬೇರೆ ಯಾವ ಸಿದ್ಧತೆಗಿಂತಲೂ ನಾವು ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ.

ಒತ್ತುವ ಬಗೆ

ಬಿದ್ದಲ್ಲೇ ಅಂಗಾತ ಮಲಗಿಸಿ. ಪೆವಿಲಿಯನ್‌ಗೆ ಎತ್ತಿಕೊಂಡು ಹೋಗುವ ಪರಿಪಾಠ ಬಿಡಿ. ಹುಲ್ಲು, ಟರ್ಫ್, ಅಖಾಡದ ಗಟ್ಟಿ ಮಣ್ಣು, ಕಬಡ್ಡಿ ಮ್ಯಾಟ್ ಎಲ್ಲ ನಡೆಯುತ್ತದೆ. ಹೈಜಂಪ್‌ನ ದಪ್ಪ ಫೋಮ್ ಆಗದು, ಒತ್ತಿದ ಬಲವನ್ನೆಲ್ಲ ಅದೇ ನುಂಗುತ್ತದೆ. ಬ್ಯಾಟ್ಸ್‌ಮನ್ ಆದರೆ ಒಬ್ಬರು ತಲೆ ಅಲುಗದಂತೆ ಹಿಡಿದು ಇನ್ನೊಬ್ಬರು ಹೆಲ್ಮೆಟ್ ಬಿಚ್ಚಲಿ. ಕಾಲಿನ ಪ್ಯಾಡು, ಶೂ ಬಿಚ್ಚುತ್ತಾ ಕೂರಬೇಡಿ.

ಪಕ್ಕದಲ್ಲಿ ಮೊಣಕಾಲೂರಿ. ಎದೆಯ ನಡುಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸದೆ, ಭುಜ ಅಂಗೈಯ ನೇರಕ್ಕೆ ಬರುವಂತೆ ಬಾಗಿ, ಸೊಂಟದ ಮೇಲಿನ ಭಾರವನ್ನೆಲ್ಲ ಬಿಡಿ. ಆಳ 5 ಸೆಂಟಿಮೀಟರಿಗೆ ಕಡಿಮೆಯಿಲ್ಲ, 6ಕ್ಕೆ ಹೆಚ್ಚಿಲ್ಲ. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ದಣಿದವರು ಗೊತ್ತಿಲ್ಲದೆಯೇ ಎದೆಯ ಮೇಲೆ ಒರಗುತ್ತಾರೆ, ಆಗ ಹೃದಯಕ್ಕೆ ರಕ್ತ ತುಂಬಿಕೊಳ್ಳುವುದಿಲ್ಲ.

ಕನ್ನಡದಲ್ಲಿ ಎಣಿಸುವವರಿಗೆ ಒಂದು ಮಾತು. ಇಪ್ಪತ್ತು ದಾಟಿದ ಮೇಲೆ ‘ಇಪ್ಪತ್ತಮೂರು, ಇಪ್ಪತ್ನಾಲ್ಕು’ ಎನ್ನುತ್ತಾ ಬಾಯಿಯೂ ನಿಧಾನ, ಕೈಯೂ ನಿಧಾನ. ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸಿ. ಮೂವತ್ತು ಒತ್ತು 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕು. ಫೋನಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 110ಕ್ಕೆ ಇಟ್ಟು ದಿಂಬಿನ ಮೇಲೆ ಅಭ್ಯಾಸ ಮಾಡಬಹುದು.

ಪಕ್ಕೆಲುಬು ಲಟಕ್ಕೆಂದರೆ ನಿಲ್ಲಿಸಬೇಡಿ, ಕೈಯ ಜಾಗ ಸರಿಯಿದೆಯೇ ಎಂದಷ್ಟೇ ನೋಡಿ ಮುಂದುವರಿಸಿ. ಒಂದು ನಿಮಿಷಕ್ಕೇ ಆಳ ಕಡಿಮೆಯಾಗತೊಡಗುತ್ತದೆ, ಒತ್ತುವವನಿಗೆ ಮಾತ್ರ ಅದು ತಿಳಿಯದು. ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಮೈದಾನದಲ್ಲಿ ಗಟ್ಟಿ ಆಳುಗಳಿಗೇನು ಬರವಿಲ್ಲ. ಮುಂದಿನವನು ಎದುರು ಬದಿಯಲ್ಲಿ ಮೊಣಕಾಲೂರಿ ತಯಾರಾಗಿರಲಿ.

ಬಾಯಿಂದ ಉಸಿರು ಕೊಡಲು ಕಲಿತವರು 30 ಒತ್ತಿಗೆ 2 ಉಸಿರು ಕೊಡಲಿ: ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಒಂದೊಂದಕ್ಕೆ ಒಂದು ಸೆಕೆಂಡು. ಎದೆ ಏರಿದರೆ ಸಾಕು. ಕಲಿಯದವರು ಒತ್ತುತ್ತಲೇ ಇರಿ. ಈಜುಕೊಳದಲ್ಲಿ ಮುಳುಗಿದವರಿಗೆ ಮಾತ್ರ ಉಸಿರೇ ಮೊದಲು.

ಎಇಡಿ ಬಂದಾಗ

ಯಂತ್ರ ತೆರೆಯುವಾಗಲೂ ಒತ್ತುವುದು ನಿಲ್ಲಬಾರದು. ಜೆರ್ಸಿಯನ್ನು ನಡುವೆ ಕತ್ತರಿಸಿ. ಮುಂಬೈಯ ಸೆಕೆಗೆ ಬೆವರು ಹರಿಯುತ್ತಿರುತ್ತದೆ, ಟವೆಲಿನಿಂದ ಎದೆ ಒರೆಸದಿದ್ದರೆ ಯಂತ್ರದ ಪ್ಯಾಡು (ಎದೆಗೆ ಅಂಟಿಸುವ, ಶಾಕ್ ಹಾಯಿಸುವ ಪಟ್ಟಿ) ಅಂಟುವುದೇ ಇಲ್ಲ. ಕೂದಲು ದಟ್ಟವಿದ್ದರೆ ರೇಜರ್ ಎಳೆಯಿರಿ. ಸರ, ತಾಯಿತ ಪಕ್ಕಕ್ಕೆ ಸರಿಸಿ. ಹುಡುಗಿಯರಿಗೆ ಸಂಕೋಚದಿಂದ ಪ್ಯಾಡು ಹಚ್ಚದೆ ಬಿಡುವುದು ನಿಜವಾಗಿ ನಡೆಯುತ್ತದೆ, ಅದು ಕೂಡದು. ಗುಂಪನ್ನು ಹೊರಮುಖವಾಗಿ ನಿಲ್ಲಿಸಿ ಮರೆ ಮಾಡಿ. ಒಂದು ಪ್ಯಾಡು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಯ ಮೇಲೆ. ಯಂತ್ರ ಹೃದಯದ ಲಯ ನೋಡುವಾಗ, ಶಾಕ್ ಕೊಡುವಾಗ ಯಾರೂ ಮುಟ್ಟಬಾರದು. ಶಾಕ್ ಆದ ತಕ್ಷಣ ಮತ್ತೆ ಎರಡು ನಿಮಿಷ ಒತ್ತಿ. ‘ಎದ್ದನೇನೋ’ ಎಂದು ಕಾಯುತ್ತಾ ನಿಲ್ಲಬೇಡಿ. ಶಾಕ್ ಬೇಡ ಎಂದು ಯಂತ್ರ ಹೇಳಿದರೂ ಒತ್ತುವುದು ಬಿಡಬಾರದು.

ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಎಇಡಿ ಇಡಬೇಡಿ, ಪ್ಯಾಡಿನ ಅಂಟು ಒಣಗುತ್ತದೆ. ಪ್ಯಾಡಿನ ಅವಧಿಯನ್ನೂ ಬ್ಯಾಟರಿಯನ್ನೂ ಪಂದ್ಯಾವಳಿಗೆ ಮೊದಲು ನೋಡಿಕೊಳ್ಳಿ.

ಆಟಗಾರ ಕೈ ಆಡಿಸಿದರೆ, ಸಹಜವಾಗಿ ಉಸಿರಾಡತೊಡಗಿದರೆ ಒತ್ತುವುದು ನಿಲ್ಲಿಸಿ, ಪಕ್ಕಕ್ಕೆ ಹೊರಳಿಸಿ ಕಾಯಿರಿ, ಆದರೆ ಪ್ಯಾಡು ಕೀಳಬೇಡಿ. ಬಿದ್ದ ಸಮಯ, ಒತ್ತಲು ಶುರುವಾದ ಸಮಯ, ಎಷ್ಟು ಶಾಕ್ ಎಂಬುದನ್ನು ಸ್ಕೋರರ್ ಬರೆದಿಟ್ಟು ಆಂಬುಲೆನ್ಸಿನವರಿಗೆ ಕೊಡಲಿ. ಎದ್ದು ಕೂತವನು ‘ಏನೂ ಆಗಿಲ್ಲ ಮಾರಾಯ್ರೆ, ನೀರು ಕೊಡಿ’ ಎಂದರೂ ಆಂಬುಲೆನ್ಸನ್ನು ವಾಪಸ್ ಕಳಿಸಬೇಡಿ. ಒಮ್ಮೆ ನಿಂತ ಹೃದಯ ಅದೇ ಗಂಟೆಯಲ್ಲಿ ಮತ್ತೊಮ್ಮೆ ನಿಲ್ಲಬಹುದು. ಆಂಜಿಯೋಗ್ರಫಿ (ಹೃದಯದ ರಕ್ತನಾಳ ಕಟ್ಟಿದೆಯೇ ಎಂದು ನೋಡುವ ಪರೀಕ್ಷೆ) ಸೌಲಭ್ಯವಿರುವ ಆಸ್ಪತ್ರೆಗೇ ಕರೆದೊಯ್ಯಲು ಹೇಳಿ.