ಹಳೇ ಕುಂಗ್ ಫು ಕ್ಯಾಸೆಟ್ ಮಾರೋ ಮುಂಚೆ ಬಿಚ್ಚಿ ನೋಡಿ

ಅಟ್ಟದ ಮೇಲಿರುವ, ಟೀವಿಗೆ ಜೋಡಿಸಿ ಆಡುತ್ತಿದ್ದ ಹಳೇ ಕುಂಗ್ ಫು ವಿಡಿಯೋ ಗೇಮ್ ಕ್ಯಾಸೆಟ್‌ಗೆ ಬೆಲೆ ಹೇಳೋ ಮುಂಚೆ ಅದರ ಸ್ಕ್ರೂ ಬಿಚ್ಚಿ ಒಳಗಿನ ಬೋರ್ಡ್ ನೋಡಿ. ಡಾಂಬರು ಹನಿ ಬಿದ್ದ ಹಾಗೆ ಕಪ್ಪು ಉಂಡೆ ಕಂಡರೆ ಅದು ಹೆಚ್ಚುಕಮ್ಮಿ ನಕಲಿ. ಕಾಲುಗಳಿರುವ, ಮೇಲೆ ಅಕ್ಷರ ಅಚ್ಚಾದ ಚಿಪ್ ಇದ್ದರೆ ಮುಂದೆ ವಿಚಾರಿಸಬಹುದು. ಕಾರಣ ಸರಳ: ಚಿಪ್ಪನ್ನು ನೇರ ಬೋರ್ಡ್ ಮೇಲೆ ಅಂಟಿಸಿ ಅಂಟು ಸುರಿದರೆ ಖರ್ಚು ಕಮ್ಮಿ, ನಕಲಿ ಮಾಡೋರಿಗೆ ಅದೇ ಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಬಳ್ಳಾರಿ, ಹೊಸಪೇಟೆ ಕಡೆ ಮನೆಮನೆಯಲ್ಲಿ ಆಡಿದ್ದು ಜಾಸ್ತಿ ಇಂಥವೇ. 'ಇಷ್ಟು ಗೇಮ್ ಒಂದರಲ್ಲೇ' ಅಂತ ಬರೆದಿದ್ದರಂತೂ ಬಿಚ್ಚೋದೇ ಬೇಡ, ಅದು ನಕಲಿಯೇ! ಬೋರ್ಡಿನ ಅಂಚಲ್ಲಿ ಸಾಲಾಗಿರುವ ಲೋಹದ ಪಟ್ಟಿಗಳನ್ನು, ಅಂದರೆ ಪಿನ್ ಕೂಡ ಎಣಿಸಿ. ಜಪಾನಿನ ಗೇಮ್ ಕಂಪನಿ ನಿಂಟೆಂಡೊ 1985ರಲ್ಲಿ ತಂದ ಕುಂಗ್ ಫು ಗೇಮಿನ ಅಮೆರಿಕದ ಕ್ಯಾಸೆಟ್‌ಗೆ 72 ಪಿನ್, ಜಪಾನಿನದಕ್ಕೆ 60. ನಮ್ಮಲ್ಲಿ ಸಿಗುವ 60 ಪಿನ್ನಿನದನ್ನು ಅಮೆರಿಕದ ಬೆಲೆಗೆ ಹೋಲಿಸಿದರೆ ಸುಮ್ನೆ ಆಸೆ ಅಷ್ಟೇ. ಈ ಕಪ್ಪು ಉಂಡೆಯ ಉಪಾಯ ಎಲ್ಲ ಕಡೆ ನಡೆಯಲ್ಲ. ಜಪಾನಿನ ಕೆಲವು ಅಸಲಿ ಕ್ಯಾಸೆಟ್‌ಗಳಲ್ಲೂ ಕಪ್ಪು ಉಂಡೆ ಇರುತ್ತದೆ, ಈಗಿನ ಕೆಲವು ನಕಲಿಗಳಲ್ಲಿ ಕಾಲಿರುವ ಚಿಪ್ಪೇ ಇರುತ್ತದೆ. ಸ್ಕ್ರೂ ಕಾಣದಿದ್ದರೆ ಮಾತ್ರ ಮೀಟಿ ತೆಗೆಯಬೇಡಿ, ಜಪಾನಿನವು ಬರೀ ಕ್ಲಿಪ್ ಮೇಲೆ ಕೂತಿರುತ್ತವೆ, ಮುರಿದರೆ ಇದ್ದ ಬೆಲೆಯೂ ಹೋಯಿತು. ಇನ್ನು ನಮ್ಮ ಕೆಂಪು ಧೂಳು! ಪಿನ್ನಿಗೆ ಉಫ್ ಅಂತ ಊದಬೇಡಿ, ಎಂಜಲಿನ ತೇವಕ್ಕೆ ಕಿಲುಬು ಹಿಡಿಯುತ್ತದೆ. ಉಪ್ಪುಕಾಗದ ಬೇಡವೇ ಬೇಡ. ಹತ್ತಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ (ಬೇಗ ಆರುವ ಒಂದು ಥರದ ಸ್ಪಿರಿಟ್) ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ ನೋಡಿ.