ಅಂಗದಾನಕ್ಕೆ ಹೆಸರು ಬರೆಸಿದ್ದು: ಒಟಿಪಿ ಬಂತು, ಅವ್ವನ ಒಪ್ಪಿಗೆ ತಡವಾಯಿತು

ಬೆಟಗೇರಿಯ ಮನೆಯಲ್ಲಿ ಕೂತು ರಾಷ್ಟ್ರೀಯ ಅಂಗದಾನ ಜಾಲತಾಣದಲ್ಲಿ ಹೆಸರು ನೋಂದಾಯಿಸಲು ಮೂರು ಸಂಜೆ ಹೆಣಗಿದೆ. ಒಟಿಪಿ ಬರಲೇ ಇಲ್ಲ. ತಪ್ಪು ನನ್ನದೇ: ಆಧಾರ್‌ಗೆ ಜೋಡಿಸಿದ್ದು ಎಂದೋ ಬಿಸಾಡಿದ ಸಿಮ್‌ನ ಸಂಖ್ಯೆ. ಗದಗದ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಅದನ್ನು ಬದಲಿಸಿದೆ. ಆಮೇಲೆ ನೋಂದಣಿ ಚಹಾ ಆರುವಷ್ಟರಲ್ಲಿ ಮುಗಿಯಿತು.

ನಿಜವಾದ ತೊಡಕು ಅಡುಗೆಮನೆಯಲ್ಲಿತ್ತು. ಅಂಗದಾನದ ಕಾರ್ಡ್ ಇದ್ದರೂ ಕೊನೆಗೆ ಮನೆಯವರು ಒಪ್ಪಲೇಬೇಕು. ‘ಕಣ್ಣಿಲ್ಲದೆ ಮಣ್ಣು ಮಾಡುವುದೇ?’ ಎಂದು ಅವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. ಸತ್ತ 6 ಗಂಟೆಯೊಳಗೆ ಕಣ್ಣು ತೆಗೆಯುತ್ತಾರೆ, ಮುಖ ಕೆಡುವುದಿಲ್ಲ ಎಂದೆ. ಹೃದಯದಂಥ ಅಂಗಗಳಿಗೆ ಸಾಮಾನ್ಯವಾಗಿ ಮಿದುಳು ಸತ್ತು ಐಸಿಯುದಲ್ಲಿ ಇರುವವರೇ ದಾನಿಗಳು ಎಂಬುದನ್ನು ತಮ್ಮನಿಗೂ ಬಿಡಿಸಿ ಹೇಳಿದೆ.

ಎರಡು ದಿನ ಬಿಟ್ಟು ಅವ್ವನೇ ಕೇಳಿದಳು: ‘70 ದಾಟಿದವರ ಕಣ್ಣನ್ನೂ ತೆಗೆದುಕೊಳ್ಳುತ್ತಾರೆಯೇ?’